ಹೂಳಿನಲ್ಲಿ ಕಂಡು ಹೇಳದೆ ಉಳಿದದ್ದು

ಮಾಗಡಿಯಿಂದ ಗುಡೇಮಾರನಹಳ್ಳಿ ಕಡೆಗೆ ಓಡಾಡುವ ಬಸ್ಸಿನಲ್ಲಿ ಹೋಗುವಾಗ ನನ್ನ ಪಕ್ಕ ಯಾರಾದರೂ ಕೂರುತ್ತಿದ್ದರು. ಬರುವಾಗ ಕೂರುತ್ತಿರಲಿಲ್ಲ. ಬರುವಾಗ ನನ್ನ ಕಾಲ ಬಳಿ ಒಂದು ಐಸ್ ಡಬ್ಬ ಇರುತ್ತಿತ್ತು, ಅದರೊಳಗೆ ಕೆರೆಯ ತಳದಿಂದ ತೆಗೆದ ಹೂಳು. ಎಷ್ಟು ಬಿಗಿಯಾಗಿ ಮುಚ್ಚಿದರೂ ಕೊಳೆತ ಮೊಟ್ಟೆಯಂಥ ವಾಸನೆ ಎಲ್ಲಿಂದಲೋ ಹೊರಗೆ ಬರುತ್ತಿತ್ತು. ಪಕ್ಕದಲ್ಲಿ ಕೂತವರು ಮೊದಲು ಕಿಟಕಿಯಾಚೆ ನೋಡುತ್ತಿದ್ದರು, ಆಮೇಲೆ ಡಬ್ಬ ನೋಡುತ್ತಿದ್ದರು, ಕೊನೆಗೆ ನನ್ನ ಮುಖ ನೋಡಿ ಎದ್ದು ಹಿಂದಕ್ಕೆ ಹೋಗುತ್ತಿದ್ದರು. ಬಸ್ಸಿನಲ್ಲಿ ನಿಂತುಕೊಂಡು ಬರುವವರಿದ್ದರೂ ಆ ಸೀಟು ಖಾಲಿಯೇ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ನಾನು ಆ ಸೀಟಿನ ಮೇಲೆ ನನ್ನ ಬ್ಯಾಗು ಇಡತೊಡಗಿದೆ.

ನಾನು ಹುಟ್ಟಿ ಬೆಳೆದದ್ದು ಕನಕಪುರದಲ್ಲಿ. ಓದು ಮುಗಿದ ಮೇಲೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನೀರು ಪರೀಕ್ಷೆ ಮಾಡುವ ಕೆಲಸ ಮಾಡಿದೆ. ಬೆಳಿಗ್ಗೆ ಒಂದು ಬಾಟಲಿ, ಮಧ್ಯಾಹ್ನ ಒಂದು ಬಾಟಲಿ, ಒಂದೇ ಥರದ ನೀರು, ಒಂದೇ ಥರದ ಅಂಕಿ. ಅಮ್ಮ ತೀರಿಕೊಂಡ ವರ್ಷ ಆ ಕೆಲಸ ಬಿಟ್ಟು, ಮೂವತ್ತೇಳನೇ ವಯಸ್ಸಿನಲ್ಲಿ ಸಂಶೋಧನೆಗೆ ಸೇರಿಕೊಂಡೆ. ಮದುವೆ ಆಗಿರಲಿಲ್ಲ. ಅದಕ್ಕೆ ಕಾರಣ ಕೇಳುವವರೂ ಆ ಹೊತ್ತಿಗೆ ಕೇಳುವುದನ್ನು ಬಿಟ್ಟಿದ್ದರು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯೊಂದರ ಮೇಲೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಗೂಡು ಬೇಯುವ ವಾಸನೆ ಬೆಳಗಿನಿಂದಲೇ ಶುರುವಾಗುತ್ತಿದ್ದುದರಿಂದ ನನ್ನ ಹೂಳಿನ ಬಗ್ಗೆ ಆ ಮನೆಯವರು ತಕರಾರು ತೆಗೆಯಲಿಲ್ಲ.

ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಷ್ಟ್ರು ಎರಡನೇ ವರ್ಷದಲ್ಲಿ ನಿವೃತ್ತರಾಗಿ ಮಗಳ ಜೊತೆ ಇರಲು ಮೈಸೂರಿಗೆ ಹೋದರು. ಜೊತೆಗಿದ್ದ ಇನ್ನೊಬ್ಬ ವಿದ್ಯಾರ್ಥಿನಿ ಬ್ಯಾಂಕಿನ ಕೆಲಸ ಸಿಕ್ಕಿ ಹೊರಟುಹೋದಳು. ಲ್ಯಾಬಿನಲ್ಲಿ ಉಳಿದದ್ದು ನಾನು, ಒಂದು ಫ್ರಿಜ್ಜು ಮತ್ತು ಮೇಷ್ಟ್ರು ಬಿಟ್ಟುಹೋದ ಒಂದು ಹಳೆಯ ಸ್ವೆಟರು. ತಿಂಗಳಿಗೊಮ್ಮೆ ಅವರು ಫೋನು ಮಾಡಿ ಕೆಲಸ ಹೇಗೆ ನಡೆದಿದೆ ಎಂದು ವಿಚಾರಿಸುತ್ತಿದ್ದರು. ಚೆನ್ನಾಗಿದೆ ಸರ್ ಎನ್ನುತ್ತಿದ್ದೆ. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಕೆಲವು ವಾರ, ಬಸ್ಸಿನ ಕಂಡಕ್ಟರಿಗೆ ಊರಿನ ಹೆಸರು ಹೇಳುವುದನ್ನು ಬಿಟ್ಟರೆ ನಾನು ಯಾರ ಜೊತೆಯೂ ಗಟ್ಟಿಯಾಗಿ ಮಾತಾಡಿದ ನೆನಪಿಲ್ಲ.

ನಾನು ನೋಡುತ್ತಿದ್ದುದು ಕೆರೆಯ ತಳದ ಹೂಳಿನಲ್ಲಿ ಬದುಕುವ ಸೂಕ್ಷ್ಮಜೀವಿಗಳನ್ನು. ಕಣ್ಣಿಗೆ ಕಾಣದ ಅವು ಕೆರೆಗೆ ಬಿದ್ದದ್ದನ್ನೆಲ್ಲ ತಿಂದು ಅರಗಿಸುತ್ತವೆ. ಉದುರಿದ ಎಲೆ, ಸತ್ತ ಪಾಚಿ, ದನದ ಸಗಣಿ, ಹೊಲದಿಂದ ಮಳೆಯಲ್ಲಿ ಕೊಚ್ಚಿಬಂದ ಗೊಬ್ಬರ, ಯಾವುದನ್ನೂ ಅವು ಬಿಡುವುದಿಲ್ಲ. ತಿನ್ನುವುದಕ್ಕೆ ಅವಕ್ಕೂ ಉಸಿರು ಬೇಕು. ನೀರಿನಲ್ಲಿ ಆಮ್ಲಜನಕ ಇರುವ ತನಕ ಅದನ್ನು ಬಳಸುತ್ತವೆ. ಅದು ಮುಗಿದರೆ ಬೇರೆ ಜಾತಿಯವು ಎದ್ದು ನೈಟ್ರೇಟನ್ನು ಉಸಿರಾಡುತ್ತವೆ, ಅದೂ ಮುಗಿದರೆ ಕಬ್ಬಿಣ, ಆಮೇಲೆ ಗಂಧಕ. ಆ ಗಂಧಕದ ಸರದಿಯಲ್ಲೇ ಕೊಳೆತ ಮೊಟ್ಟೆಯ ವಾಸನೆ ಹುಟ್ಟುವುದು.

ಇದರಲ್ಲಿ ನನಗೆ ಮುಖ್ಯವಾಗಿದ್ದದ್ದು ಕಬ್ಬಿಣ. ಹೂಳಿನ ಮೇಲ್ಭಾಗದಲ್ಲಿ, ಬೆರಳ ಉಗುರಿನಷ್ಟು ದಪ್ಪಕ್ಕೆ, ತುಕ್ಕಿನ ಬಣ್ಣದ ಒಂದು ಪದರ ಇರುತ್ತದೆ. ಅದು ನಿಜಕ್ಕೂ ತುಕ್ಕೇ. ಆ ತುಕ್ಕು ರಂಜಕವನ್ನು ಹಿಡಿದಿಟ್ಟುಕೊಂಡು ನೀರಿಗೆ ಬಿಡುವುದಿಲ್ಲ. ತಳದಲ್ಲಿ ಉಸಿರು ತೀರಿಹೋದಾಗ ಸೂಕ್ಷ್ಮಜೀವಿಗಳು ಆ ತುಕ್ಕನ್ನೇ ಕರಗಿಸಿಬಿಡುತ್ತವೆ, ಹಿಡಿದಿಟ್ಟ ರಂಜಕವೆಲ್ಲ ಮೇಲಕ್ಕೆ ಬರುತ್ತದೆ. ಅದನ್ನು ಉಂಡು ಪಾಚಿ ಬೆಳೆಯುತ್ತದೆ. ಬೆಳೆದ ಪಾಚಿ ಸತ್ತು ಮತ್ತೆ ತಳಕ್ಕೆ ಬೀಳುತ್ತದೆ. ಕೆರೆಗೆ ಹೊರಗಿನಿಂದ ಒಂದು ಹಿಡಿ ಗೊಬ್ಬರ ಬರದಿದ್ದರೂ ಅದು ತನ್ನ ಹಳೆಯದನ್ನೇ ಎಷ್ಟೋ ವರ್ಷ ತಿರುಗಿಸಿ ತಿರುಗಿಸಿ ಉಣ್ಣಬಲ್ಲದು.

ಕೆರೆಯ ಹೆಸರು ಬರೆಯುವುದಿಲ್ಲ. ಊರಿನಿಂದ ಸ್ವಲ್ಪ ದೂರ, ಏರಿಯ ಮೇಲೆ ಹೊಂಗೆ ಮರಗಳಿರುವ ಮಧ್ಯಮ ಗಾತ್ರದ ಕೆರೆ. ಹದಿನೈದು ದಿನಕ್ಕೊಮ್ಮೆ, ಗುರುವಾರ, ಅಲ್ಲಿಗೆ ಹೋಗುತ್ತಿದ್ದೆ. ನನ್ನನ್ನು ನೀರಿನ ಮಧ್ಯಕ್ಕೆ ಕರೆದೊಯ್ಯುತ್ತಿದ್ದವರು ಆ ಕೆರೆಯಲ್ಲಿ ಮೀನು ಸಾಕಿದ್ದವರು. ಐವತ್ತರ ಆಸುಪಾಸು, ಸಣಕಲು ಮೈ, ಮಾತು ಬಹಳ ಕಡಿಮೆ. ಕಾಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟು ವರ್ಷವಿಡೀ ಕಾಯುತ್ತಿದ್ದರು. ಬಿದಿರಿನ ಬುಟ್ಟಿಯಂಥ ದುಂಡನೆಯ ತೆಪ್ಪದಲ್ಲಿ ನನ್ನನ್ನು ಒಂದು ಮಗ್ಗುಲಿಗೆ ಕೂರಿಸಿ ಇನ್ನೊಂದು ಮಗ್ಗುಲಿನಿಂದ ಹುಟ್ಟು ಹಾಕುತ್ತಿದ್ದರು. ನಾನು ಉದ್ದನೆಯ ಪಾರದರ್ಶಕ ಕೊಳವೆಯನ್ನು ತಳಕ್ಕೆ ಇಳಿಸಿ, ಹೂಳಿನೊಳಗೆ ಒತ್ತಿ, ಮೇಲೆ ಬಿರಡೆ ಹಾಕಿ ಎಳೆಯುವಾಗ ಅವರು ತೆಪ್ಪ ಅಲುಗದಂತೆ ಹಿಡಿದಿರುತ್ತಿದ್ದರು. ಮೂರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಆದ ಮಾತುಗಳನ್ನು ಒಂದು ಪುಟದಲ್ಲಿ ಬರೆದುಬಿಡಬಹುದು. ಆದರೂ ಆ ಗುರುವಾರಗಳಿಗಾಗಿ ನಾನು ಉಳಿದ ದಿನಗಳನ್ನು ಕಳೆಯುತ್ತಿದ್ದೆ. ಇದು ಅವರಿಗೆ ಗೊತ್ತಿರಲಿಲ್ಲ. ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ.

ದಡದಲ್ಲಿ ಕುರಿ ಮೇಯಿಸುವ ಒಬ್ಬರು ಅಜ್ಜಿ ಇದ್ದರು. ನೀರು ಹಿಂದಕ್ಕೆ ಸರಿದ ಜಾಗದಲ್ಲಿ ಚಿಗುರುವ ಹುಲ್ಲಿಗೆ ಕುರಿ ಬಿಟ್ಟು, ಹೊಂಗೆ ನೆರಳಿನಲ್ಲಿ ಕೂತು ನನ್ನ ಕೊಳವೆ, ಬಾಟಲಿ ಎಲ್ಲ ನೋಡುತ್ತಿದ್ದರು. ಹೂಳಿಗೆ ಅವರು ಗೋಡು ಎನ್ನುತ್ತಿದ್ದರು. ಗೋಡು ತಗೊಂಡೋಗಿ ಏನ್ ಮಾಡ್ತೀಯ ಮಗ ಎಂದು ಒಮ್ಮೆ ಕೇಳಿದ್ದರು. ಪರೀಕ್ಷೆ ಮಾಡುತ್ತೇನೆ ಎಂದಿದ್ದೆ. ಗೋಡು ಪಾಸಾಯ್ತದಾ ಫೇಲಾಯ್ತದಾ ಎಂದು ಕೇಳಿ ತಾವೇ ನಕ್ಕಿದ್ದರು.

ಮೂರನೇ ವರ್ಷದ ಬೇಸಿಗೆಯಲ್ಲಿ ನೀರು ಬಹಳ ಇಳಿಯಿತು. ಕೆರೆ ಮೊದಲು ತೆಳು ಹಸಿರಾಯಿತು, ಆಮೇಲೆ ಯಾರೋ ಬಣ್ಣ ಕಲಸಿದ ಹಾಗೆ ದಟ್ಟ ಹಸಿರಾಯಿತು. ಒಂದು ಗುರುವಾರ ನಾನು ಎತ್ತಿದ ಕೊಳವೆಯಲ್ಲಿ ತುಕ್ಕಿನ ಪದರ ಇರಲಿಲ್ಲ. ಹೂಳು ಮೇಲಿನ ತನಕ ಡಾಂಬರಿನಂತೆ ಕಪ್ಪಗಿತ್ತು, ಅದರಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಆಮ್ಲಜನಕದ ಮೀಟರನ್ನು ಇಳಿಸುತ್ತ ಹೋದೆ. ತಳದಿಂದ ಒಂದು ಮಾರು ಮೇಲೆಯೇ ಮುಳ್ಳು ಸೊನ್ನೆಗೆ ಬಿತ್ತು. ಎರಡು ಸಲ, ಮೂರು ಸಲ ಇಳಿಸಿ ನೋಡಿದೆ. ಸೊನ್ನೆಯೇ.

ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡದೆ ಬರೆಯಬೇಕು. ಎರಡೂವರೆ ವರ್ಷ ಅರೆಬರೆಯಾಗಿದ್ದ ನನ್ನ ಅಂಕಿಗಳಿಗೆ ಅಂದು ಒಂದು ಆಕಾರ ಬಂತು. ತಳದಲ್ಲಿ ಉಸಿರು ನಿಂತಿದೆ, ತುಕ್ಕು ಕರಗಿದೆ, ರಂಜಕ ಮೇಲೆದ್ದಿದೆ, ಪಾಚಿ ಉಕ್ಕಿದೆ. ನಾನು ಊಹಿಸಿದ್ದೆಲ್ಲ ನನ್ನ ಕಣ್ಣೆದುರು ಕೊಳವೆಯಲ್ಲಿ ನಿಂತಿತ್ತು.

ಮೀನಿನವರು ನನ್ನ ಮುಖ ನೋಡಿರಬೇಕು. ಹುಟ್ಟು ನಿಲ್ಲಿಸಿ ಕೇಳಿದರು.

“ಏನಾರ ಐತಾ ಮೇಡಂ?”

“ಏನಿಲ್ಲ,” ಎಂದೆ. “ಎಂದಿನ ಹಾಗೇ.”

ಹಾಗೆ ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ವಿವರಿಸಲು ಬಹಳ ಹೊತ್ತು ಬೇಕು, ಬಸ್ಸು ತಪ್ಪುತ್ತದೆ ಎಂಬುದು ಒಂದು ಕಾರಣ. ಆ ಸಂತೋಷವನ್ನು ಯಾರ ಜೊತೆಯೂ ಹಂಚಿಕೊಳ್ಳದೆ ಕೋಣೆಗೆ ಒಯ್ಯಬೇಕು ಅನ್ನಿಸಿದ್ದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ, ಕೇಳಿದವರಿಗೆ ಏನಿಲ್ಲ ಎನ್ನುವುದು ನನಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿಬಿಟ್ಟಿತ್ತು. ಹೇಗಿದ್ದೀರಿ ಎಂದರೂ ಏನಿಲ್ಲ, ಕೆಲಸ ಹೇಗೆ ಎಂದರೂ ಏನಿಲ್ಲ. ಅವರು ತಲೆಯಾಡಿಸಿ ಹುಟ್ಟು ಹಾಕತೊಡಗಿದರು.

ಮುಂದಿನ ವಾರ ಪೂರ್ತಿ ಮೋಡ. ಗಾಳಿ ಇಲ್ಲ, ಬಿಸಿಲೂ ಇಲ್ಲ. ಲ್ಯಾಬಿನ ಕಿಟಕಿಯಿಂದ ಆಕಾಶ ನೋಡಿದಾಗ ನನಗೆ ಕೆರೆಯ ನೆನಪಾಗದೆ ಇರಲಿಲ್ಲ. ಬಿಸಿಲಿಲ್ಲದಿದ್ದರೆ ಪಾಚಿ ಆಮ್ಲಜನಕ ಬಿಡುವುದು ಕಡಿಮೆ, ಉಸಿರಾಡುವುದು ಮಾತ್ರ ನಿಲ್ಲುವುದಿಲ್ಲ. ಒಂದು ಗಾಳಿಮಳೆ ಬಂದು ತಳದ ನೀರನ್ನು ಮೇಲಕ್ಕೆ ಕಲಕಿದರೆ ಮೇಲಿನ ನೀರಿನ ಆಮ್ಲಜನಕವೂ ತೀರಿ ಮೀನು ಉಸಿರುಗಟ್ಟಬಹುದೆಂದು ನನಗೆ ಗೊತ್ತಿತ್ತು. ಫೋನಿನಲ್ಲಿ ಮೀನಿನವರ ನಂಬರೂ ಇತ್ತು. ಮಾಡಲಿಲ್ಲ. ಗುರುವಾರ ಹೋಗುತ್ತೇನಲ್ಲ, ಆಗ ನೋಡಿದರಾಯಿತು ಅಂದುಕೊಂಡೆ.

ಅದರ ಮುಂದಿನ ಮಂಗಳವಾರ ಸಂಜೆ ಗುಡುಗು ಮಳೆಯಾಯಿತು. ಬುಧವಾರ ಬೆಳಿಗ್ಗೆ ಅವರೇ ಫೋನು ಮಾಡಿದರು. ಮೂರು ವರ್ಷದಲ್ಲಿ ಅವರಾಗಿ ಮಾಡಿದ ಮೊದಲ ಫೋನು ಅದು.

“ಮೇಡಂ, ಮೀನೆಲ್ಲ ತೇಲ್ತಾ ಅವೆ. ಒಸಿ ಬನ್ನಿ.”

ನಾನು ತಲುಪುವಾಗ ಹತ್ತು ಗಂಟೆ ದಾಟಿತ್ತು. ಏರಿಯ ಮೇಲೆ ಹತ್ತಿದ ಕೂಡಲೇ ಕಂಡದ್ದು ಬಿಳಿ. ದಡದುದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು. ಮಧ್ಯದಲ್ಲಿ ಇನ್ನೂ ಕೆಲವು ಬಾಯಿ ನೀರಿನ ಮೇಲೆ ಚಾಚಿ ಗುಟುಕು ಗುಟುಕಾಗಿ ಗಾಳಿ ನುಂಗುತ್ತಿದ್ದವು. ಹದ್ದುಗಳು ಸುತ್ತುತ್ತಿದ್ದವು. ಊರಿನ ಜನ ಟವೆಲ್ಲು, ಸೆರಗು ಮೂಗಿಗೆ ಹಿಡಿದು ನಿಂತಿದ್ದರು. ಮೀನಿನವರು ಮಾತ್ರ ಮೊಣಕಾಲುದ್ದ ನೀರಿನಲ್ಲಿ ನಿಂತು, ಸತ್ತ ಮೀನುಗಳನ್ನು ಒಂದೊಂದಾಗಿ ಎತ್ತಿ ಮಂಕರಿಗೆ ಹಾಕುತ್ತಿದ್ದರು. ನಾನು ಬಂದದ್ದನ್ನು ಕಂಡರು. ಮತ್ತೆ ಮೀನಿಗೆ ಬಗ್ಗಿದರು.

ನನ್ನನ್ನು ಮಾತಾಡಿಸಿದವರು ಪಂಚಾಯಿತಿಯ ಸದಸ್ಯರೊಬ್ಬರು. ನಾನು ತಿಂಗಳಿಗೆ ಎರಡು ಸಲ ಬಂದು ನೀರಿಗೆ ಏನು ಹಾಕುತ್ತೇನೆ ಎಂದು ಕೇಳಿದರು. ಹಾಕುವುದಿಲ್ಲ, ತೆಗೆದುಕೊಂಡು ಹೋಗುತ್ತೇನೆ ಎಂದೆ. ಹಾಗಾದರೆ ಡಬ್ಬದಲ್ಲಿ ಏನಿದೆ ಎಂದರು. ತೆರೆದು ತೋರಿಸಿದೆ. ನೀರಿನ ಮಾದರಿ ಕೆಡದಂತೆ ಅದಕ್ಕೆ ಬೆರೆಸುವ ದ್ರಾವಣಗಳು ಅದರಲ್ಲಿದ್ದವು, ಒಂದು ಸಣ್ಣ ಬಾಟಲಿಯಲ್ಲಿ ಆಸಿಡ್ಡು. ಅದರ ಮೇಲೆ ತಲೆಬುರುಡೆಯ ಗುರುತಿನ ಚೀಟಿ ಅಂಟಿಸಿತ್ತು. ಅದನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ನೋಡಿದರು. ಹಿಂದಿನಿಂದ ಯಾರೋ, ನಾನು ಹೇಳಲಿಲ್ವಾ ಎಂದದ್ದು ಕೇಳಿಸಿತು. ಆ ವಾಕ್ಯದಿಂದ ನನಗೆ ತಿಳಿದದ್ದು ಇದು: ಮೂರು ವರ್ಷ ನಾನು ಈ ಊರಿಗೆ ಬಂದು ಹೋಗಿದ್ದೆ, ಅಷ್ಟೂ ಕಾಲ ಇವರು ನನ್ನ ಬಗ್ಗೆ ಮಾತಾಡಿಕೊಂಡಿದ್ದರು, ಅಜ್ಜಿ ಮತ್ತು ಮೀನಿನವರ ಹೊರತು ನನ್ನ ಜೊತೆ ಒಬ್ಬರೂ ಮಾತಾಡಿರಲಿಲ್ಲ. ತಪ್ಪು ಊರಿನವರದು ಮಾತ್ರ ಅಲ್ಲ. ನಾನೂ ಬಸ್ಸಿಳಿದವಳು ತಲೆ ತಗ್ಗಿಸಿಕೊಂಡು ಕೆರೆಗೆ ಹೋಗಿ, ತಲೆ ತಗ್ಗಿಸಿಕೊಂಡು ವಾಪಸು ಬರುತ್ತಿದ್ದೆ.

ನನ್ನನ್ನು ತೂಬಿನ ಕಟ್ಟೆಯ ಮೇಲೆ ಕೂರಿಸಿದರು. ಯಾರೂ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಹೋಗಲು ಬಿಡಲಿಲ್ಲ ಅಷ್ಟೆ. ಒಬ್ಬ ಹೆಂಗಸು ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟು, ನನ್ನ ಮುಖ ನೋಡದೆ ಹೋದಳು. ಮೀನುಗಾರಿಕೆ ಇಲಾಖೆಯವರು ಬಂದು ನೀರಿನ ಮಾದರಿ ತೆಗೆದುಕೊಂಡರು. ಫಲಿತಾಂಶ ಬರಲು ದಿನ ಹಿಡಿಯುತ್ತದೆ ಎಂದು ಹೇಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ಹಿರಿಯರು ನಾಲ್ಕೈದು ಜನ ಸೇರಿ, ನೀನೇ ಹೇಳವ್ವ, ಮೀನು ಹೆಂಗೆ ಸತ್ವು ಎಂದರು.

ಹೇಳಿದೆ. ಆಮ್ಲಜನಕ, ರಂಜಕ ಎನ್ನುತ್ತ ಹೋದಂತೆ ಅವರ ಮುಖಗಳು ದೂರವಾಗುವುದು ಕಾಣುತ್ತಿತ್ತು. ಕಾರ್ಖಾನೆಯ ಲ್ಯಾಬಿನಲ್ಲಿ ವರದಿ ಒಪ್ಪಿಸುತ್ತಿದ್ದ ದನಿಯಲ್ಲೇ ನಾನು ಮಾತಾಡುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿದೆ. ಮಾತಿನಲ್ಲಿ ಆಗುವುದಿಲ್ಲ, ತೋರಿಸುತ್ತೇನೆ, ನಿಮ್ಮಲ್ಲೇ ಯಾರಾದರೂ ನನ್ನ ಜೊತೆ ತೆಪ್ಪದಲ್ಲಿ ಬನ್ನಿ ಎಂದೆ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮೀನಿನವರೇ ಮಂಕರಿ ಕೆಳಗಿಟ್ಟು, ಕೈ ತೊಳೆದುಕೊಂಡು, ತೆಪ್ಪ ಎಳೆದರು.

ಸತ್ತ ಮೀನುಗಳು ತೆಪ್ಪದ ತಳಕ್ಕೆ ಮೆತ್ತಗೆ ತಾಗುತ್ತಿದ್ದವು. ಕೊಳವೆ ಇಳಿಸಿ, ಒತ್ತಿ, ಬಿರಡೆ ಹಾಕಿ ಎಳೆದೆ. ದಡಕ್ಕೆ ತಂದು ಎಲ್ಲರ ಎದುರು ನೆಟ್ಟಗೆ ಹಿಡಿದೆ. ಮೇಲಿನಿಂದ ಕೆಳಗಿನ ತನಕ ಕಪ್ಪು. ಬಿರಡೆ ತೆಗೆದ ಕೂಡಲೇ ವಾಸನೆ ಹರಡಿ ಮುಂದಿನ ಸಾಲಿನವರು ಹಿಂದಕ್ಕೆ ಸರಿದರು.

ಸರಿಯದೆ ನಿಂತವರು ಕುರಿ ಮೇಯಿಸುವ ಅಜ್ಜಿ. ಹತ್ತಿರ ಬಂದು, ಕೊಳವೆಯೊಳಗೆ ಬೆರಳು ಹಾಕಿ, ಆ ಕಪ್ಪನ್ನು ಉಜ್ಜಿ ಮೂಸಿದರು.

“ಬೆಳಿಗ್ಗೆ ನೀರು ಇದೇ ವಾಸ್ನೆ ಬತ್ತಿತ್ತು,” ಎಂದರು. “ಕುರಿ ಕುಡೀಲಿಲ್ಲ, ಮುಖ ತಿರುಗಿಸ್ಕೊಂಡ್ವು. ಇದು ಈ ಮಗ ಹಾಕಿದ್ದಲ್ಲ ಕಣ್ರಪ್ಪಾ. ಕೆರೆ ಒಳಗೇ ಇದ್ದದ್ದು.”

ಪಂಚಾಯಿತಿ ಸದಸ್ಯರು, ಇಷ್ಟು ದಿನ ಇಲ್ಲದ್ದು ಈಗ ಹೇಗೆ ಬಂತು ಎಂದು ಕೇಳಿದರು. ಅಜ್ಜಿ ಅವರಿಗೆ ಒಂದು ಹಳೆಯ ವಿಷಯ ಹೇಳಿದರು. ತಾವು ಮದುವೆಯಾಗಿ ಬಂದ ಹೊಸದರಲ್ಲಿ ಬೇಸಿಗೆ ಬಂದರೆ ಊರಿಗೆ ಊರೇ ಗಾಡಿ ಕಟ್ಟಿ ಗೋಡು ಹೊಡೆದು ರಾಗಿ ಹೊಲಕ್ಕೆ ಹಾಕುತ್ತಿತ್ತಂತೆ. ಆಗ ಕೆರೆಯಲ್ಲಿ ಇಳಿದರೆ ಕಾಲಿಗೆ ಗಟ್ಟಿ ಮಣ್ಣು ಸಿಗುತ್ತಿತ್ತು. ಚೀಲದ ಗೊಬ್ಬರ ಬಂದ ಮೇಲೆ ಗೋಡು ಯಾರಿಗೂ ಬೇಡವಾಯಿತು. ಈಗ ಕಾಲಿಟ್ಟರೆ ತೊಡೆ ತನಕ ಹೂತುಹೋಗುತ್ತದೆ. ಹೊಲದಲ್ಲಿ ಹಾಕಿದ ಗೊಬ್ಬರವೂ ಮಳೆಯಲ್ಲಿ ಇಲ್ಲಿಗೇ ಬರುತ್ತದೆ. ಅಷ್ಟು ವರ್ಷದ ಕಸ ಒಳಗಿಟ್ಟುಕೊಂಡು ಕೆರೆ ನಾರದೆ ಏನು ಮಾಡುತ್ತದೆ ಎಂದು ಅವರು ಕೇಳಿದಾಗ, ನನ್ನ ಮೂರು ವರ್ಷದ ಕೆಲಸವನ್ನು ನನಗಿಂತ ಚೆನ್ನಾಗಿ ಹೇಳಿದ್ದರು.

ಜನ ಪೂರ್ತಿ ನಂಬಿದರು ಎನ್ನಲಾರೆ. ಸಿಟ್ಟು ಇಳಿಯಿತು. ಡಬ್ಬ ವಾಪಸು ಕೊಟ್ಟರು. ಪರೀಕ್ಷೆಗೆ ಹೋದ ನೀರಿನಲ್ಲಿ ವಿಷವೇನೂ ಸಿಗಲಿಲ್ಲ ಎಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಆ ವಿಷಯ ಊರಿನಲ್ಲಿ ಹಳೆಯದಾಗಿತ್ತು.

ಎಲ್ಲರೂ ಚದುರಿದ ಮೇಲೂ ಮೀನಿನವರು ಸತ್ತ ಮೀನು ಎತ್ತುತ್ತಲೇ ಇದ್ದರು. ಏರಿಯ ಕೆಳಗೆ ಒಂದು ಗುಂಡಿ ತೋಡಿ ಸುಣ್ಣ ಚೆಲ್ಲಿ ಹೂಳಬೇಕಿತ್ತು. ನಾನು ಸೀರೆ ಮೇಲಕ್ಕೆ ಸಿಕ್ಕಿಸಿ ನೀರಿಗಿಳಿದೆ. ಬೇಡ ಎನ್ನಲಿಲ್ಲ. ಸಂಜೆಯ ತನಕ ಇಬ್ಬರೂ ಹೊತ್ತು ಹಾಕಿದೆವು. ಕೆಲವು ಕಾಟ್ಲಾ ನನ್ನ ತೋಳಿನಷ್ಟು ಉದ್ದವಿದ್ದವು. ಗುಂಡಿಗೆ ಮಣ್ಣು ಎಳೆಯುವಾಗ ನಾನು ಹೇಳಿದೆ. ಹಿಂದಿನ ಸಲ ಬಂದಾಗಲೇ ತಳದಲ್ಲಿ ಉಸಿರು ಇರಲಿಲ್ಲ, ಮೀಟರು ಸೊನ್ನೆ ತೋರಿಸಿತ್ತು, ಮಳೆ ಬಂದರೆ ಹೀಗಾಗಬಹುದು ಎಂದು ನನಗೆ ಗೊತ್ತಿತ್ತು ಎಂದೆ.

ಅವರು ಗುದ್ದಲಿ ಊರಿ ನಿಂತರು.

“ನಾನು ಕೇಳಿದ್ದೆ ಕಣ್ ಮೇಡಂ,” ಎಂದರು.

“ಹೂಂ. ಕೇಳಿದ್ರಿ.”

“ಹೇಳಿದ್ರೆ ದೊಡ್ಡವನ್ನಾದ್ರೂ ಬಲೆ ಹಾಕಿ ಎತ್ಕೊಂಡ್ಬುಡ್ತಿದ್ದೆ. ಒಂದು ಮಾತು. ಅಷ್ಟೇಯ.”

ಅವರು ದನಿ ಎತ್ತಿರಲಿಲ್ಲ. ಎತ್ತಿದ್ದರೆ ನನಗೆ ಅಳುವುದಕ್ಕಾದರೂ ಒಂದು ದಾರಿ ಸಿಗುತ್ತಿತ್ತೇನೋ. ಮಣ್ಣು ಎಳೆದು ಮುಗಿಸಿ, ಗುದ್ದಲಿ ಹೆಗಲಿಗೇರಿಸಿ, ಬಸ್ಸಿಗೆ ಹೊತ್ತಾಯ್ತು ಹೊರಡಿ ಎಂದಷ್ಟೇ ಹೇಳಿ ಹೋದರು.

ಹದಿನೈದು ದಿನ ಬಿಟ್ಟು ಗುರುವಾರ ನಾನು ಹೋದಾಗ ಅವರು ಬರಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ತೆಪ್ಪವನ್ನು ಹೊಂಗೆ ಮರಕ್ಕೆ ಕಟ್ಟಿ, ಮೇಡಂ ಬಂದರೆ ತಗೊಳ್ಳಲಿ ಎಂದು ಅಜ್ಜಿಗೆ ಹೇಳಿ ಹೋಗಿದ್ದರು. ಮೀನಿನ ಕೆಲಸ ಬಿಟ್ಟು ಬಿಡದಿ ಕಡೆ ಯಾವುದೋ ಕೆಲಸಕ್ಕೆ ಸೇರಿದ್ದಾರೆ ಎಂದು ಗೊತ್ತಾಯಿತು. ಅವರ ನಂಬರಿಗೆ ಎರಡು ಸಲ ಫೋನು ಮಾಡಿದೆ. ರಿಂಗಾಗಿ ನಿಂತಿತು.

ತೆಪ್ಪವನ್ನು ಒಬ್ಬಳೇ ನಡೆಸುವುದು ಕಷ್ಟ. ಗೊತ್ತಿಲ್ಲದವರು ಹುಟ್ಟು ಹಾಕಿದರೆ ಅದು ಮುಂದೆ ಹೋಗದೆ ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ನಾನು ಮೊದಲ ದಿನ ದಡದಿಂದ ಹತ್ತು ಮಾರು ಹೋಗಲು ಒಂದು ಗಂಟೆ ತೆಗೆದುಕೊಂಡೆ. ಅಜ್ಜಿ ದಡದಿಂದ, ಮುಂದಕ್ಕೆ ಹಾಕು ಮಗ, ಪಕ್ಕಕ್ಕಲ್ಲ ಎಂದು ಕೂಗುತ್ತಿದ್ದರು. ಕಲಿತೆ. ಮಧ್ಯಕ್ಕೆ ಹೋಗಿ, ಒಂದು ಕೈಯಲ್ಲಿ ಕೊಳವೆ ಹಿಡಿದು ಇನ್ನೊಂದು ಕೈಯಲ್ಲಿ ತೆಪ್ಪ ನಿಲ್ಲಿಸಲು ಹೆಣಗುತ್ತಿದ್ದೆ. ಎದುರಿನ ಮಗ್ಗುಲಲ್ಲಿ ಭಾರವಿಲ್ಲದ್ದರಿಂದ ತೆಪ್ಪ ನಾನಿದ್ದ ಕಡೆಗೆ ವಾಲುತ್ತಿತ್ತು. ಕೊನೆಗೆ ಒಂದು ಕಲ್ಲು ತಂದು ಅವರು ಕೂರುವ ಜಾಗದಲ್ಲಿಟ್ಟುಕೊಂಡೆ.

ಒಂದು ಬದಲಾವಣೆ ಮಾಡಿಕೊಂಡಿದ್ದೆ. ದಡಕ್ಕೆ ಬಂದ ಮೇಲೆ ಅಂದಿನ ಅಂಕಿಯನ್ನು ಅಜ್ಜಿಗೆ ಹೇಳಿಯೇ ಹೊರಡುತ್ತಿದ್ದೆ. ಇವತ್ತು ತಳದಲ್ಲಿ ಉಸಿರು ಚೆನ್ನಾಗಿದೆ, ಇವತ್ತು ಕಡಿಮೆ, ಕುರಿಗೆ ಮೂಲೆಯ ಹಸಿರು ನೀರು ಕುಡಿಸಬೇಡಿ. ಅವರು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಯಾರಿಗೆ ಹೇಳಬೇಕೋ ಅವರಿಗೆ ಅದನ್ನು ಮುಟ್ಟಿಸುತ್ತಲೂ ಇದ್ದರು. ಆದರೆ ಹೇಳುವಾಗಲೆಲ್ಲ ನನಗೆ ಅನ್ನಿಸುತ್ತಿತ್ತು, ಇದನ್ನು ನಾನು ಹೇಳಬೇಕಾಗಿದ್ದವರು ಇವರಲ್ಲ.

ಮರುವರ್ಷದ ಬೇಸಿಗೆಯಲ್ಲಿ ಊರಿನವರು ಕೆರೆ ಹೂಳು ತೆಗೆಸಲು ನಿಂತರು. ಜೆಸಿಬಿ ಬಂತು, ಟ್ರಾಕ್ಟರುಗಳು ಸಾಲುಗಟ್ಟಿದವು. ನಾನು ನಾಲ್ಕು ವರ್ಷ ಕೊಳವೆ ಇಳಿಸಿದ ಜಾಗ ಒಣಗಿ ಬಿರುಕು ಬಿಟ್ಟ ನೆಲವಾಗಿತ್ತು. ಇಲ್ಲೊಂದು ಸಣ್ಣ ಜಾಗ ಅಗೆಯದೆ ಬಿಡಿ ಎಂದು ಕೇಳಬಹುದಿತ್ತು. ಸದಸ್ಯರು ಈಗ ನನಗೆ ನಮಸ್ಕಾರ ಹೇಳುತ್ತಿದ್ದರು, ಬಿಡುತ್ತಿದ್ದರೂ ಇರಬಹುದು. ಕೇಳಲಿಲ್ಲ. ಜೆಸಿಬಿ ಕೊರೆದ ಗೋಡೆಯಲ್ಲಿ ಹೂಳಿನ ಪದರಗಳು ಸ್ಪಷ್ಟವಾಗಿ ಕಂಡವು. ಕಪ್ಪು, ಬೂದು, ಮತ್ತೆ ಕಪ್ಪು, ತಳದಲ್ಲಿ ಕೆಂಪು ಗಟ್ಟಿ ಮಣ್ಣು. ಗಾಳಿಗೆ ತೆರೆದ ಕಪ್ಪು ನನ್ನ ಕಣ್ಣೆದುರೇ ಕಂದು ಬಣ್ಣಕ್ಕೆ ತಿರುಗತೊಡಗಿತ್ತು. ಕಬ್ಬಿಣ ಮತ್ತೆ ತುಕ್ಕಾಗುತ್ತಿತ್ತು. ಲ್ಯಾಬಿನಲ್ಲಿ ಬೊಗಸೆಯಷ್ಟರಲ್ಲಿ ನೋಡಿದ್ದನ್ನು ಆವತ್ತು ಆಳೆತ್ತರಕ್ಕೆ ನೋಡಿದೆ. ಯಾರನ್ನಾದರೂ ಕರೆದು ತೋರಿಸೋಣ ಎಂದು ತಿರುಗಿದರೆ ಟ್ರಾಕ್ಟರಿನ ಸದ್ದಿನಲ್ಲಿ ಎಲ್ಲರೂ ಅವರವರ ಕೆಲಸದಲ್ಲಿದ್ದರು.

ಪ್ರಬಂಧ ಮುಗಿಯಿತು. ಅದರಲ್ಲಿ ಮೀನಿನ ವಿಷಯ ಬರುವುದು ಒಂದೇ ವಾಕ್ಯದಲ್ಲಿ: ಅಧ್ಯಯನದ ಮೂರನೇ ವರ್ಷದಲ್ಲಿ ಮೀನುಗಳ ಸಾಮೂಹಿಕ ಸಾವು ಕಂಡುಬಂದಿತು. ಯಾರ ಮೀನು, ಯಾರು ಕಂಡರು, ಯಾರಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ಪರೀಕ್ಷಕರು ಅಂಕಿಗಳನ್ನು ಮೆಚ್ಚಿದರು. ಮೈಸೂರಿನಿಂದ ಮೇಷ್ಟ್ರು ಬಂದು ಬೆನ್ನು ತಟ್ಟಿದರು. ಸ್ವೆಟರನ್ನು ಅವರಿಗೆ ಹಿಂದಿರುಗಿಸಿದೆ. ಇದು ನನ್ನದಾ ಎಂದು ಕೇಳಿದರು.

ಈಗ ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಒಂದು ಸಂಜೆ ಬೆಂಗಳೂರಿನಿಂದ ಬರುವ ರೈಲಿನಲ್ಲಿ ಕೂತಿದ್ದೆ. ಬಿಡದಿಯಲ್ಲಿ ಪಾಳಿ ಮುಗಿಸಿದವರು ಗುಂಪಾಗಿ ಹತ್ತಿದರು. ಅವರಲ್ಲಿ ಒಬ್ಬರು ನೀಲಿ ಅಂಗಿ ತೊಟ್ಟು, ಊಟದ ಬ್ಯಾಗು ಹಿಡಿದು ನನ್ನ ಎದುರು ಬಂದು ನಿಂತರು. ಕೂದಲು ಹೆಚ್ಚು ನೆರೆತಿತ್ತು. ನಾನು ಗುರುತು ಹಿಡಿಯುವ ಮೊದಲೇ ಮೇಡಂ ಎಂದರು, ಕೆರೆಯ ಮೀನಿನವರು. ಪಕ್ಕ ಸರಿದು ಜಾಗ ಮಾಡಿದೆ. ಕೂತರು.

ಅವರು ನನಗೆ ಗೊತ್ತಿದ್ದಕ್ಕಿಂತ ಹೆಚ್ಚು ಮಾತಾಡಿದರು. ಬಿಡದಿಯ ಒಂದು ದೊಡ್ಡ ವಸತಿ ಸಮುಚ್ಚಯದಲ್ಲಿ ಕೊಳಚೆ ನೀರು ಶುದ್ಧಮಾಡುವ ಘಟಕ ನೋಡಿಕೊಳ್ಳುತ್ತಾರಂತೆ. ದೊಡ್ಡ ತೊಟ್ಟಿಗೆ ಮೋಟರಿನಿಂದ ಗಾಳಿ ಊದುತ್ತಾರೆ, ಒಳಗಿರುವ ಹುಳಗಳು ಕೊಳಚೆ ತಿಂದು ನೀರು ತಿಳಿಯಾಗುತ್ತದೆ ಎಂದು ನನಗೆ ವಿವರಿಸಿದರು. ಕರೆಂಟು ಹೋಗಿ ಗಾಳಿ ನಿಂತರೆ ಎಷ್ಟು ಹೊತ್ತಿಗೆ ಕಪ್ಪಾಗುತ್ತದೆ, ಯಾವಾಗ ನಾರುತ್ತದೆ ಎಲ್ಲ ಅವರಿಗೆ ಗೊತ್ತು. ವಾಸನೆಯಿಂದಲೇ ಹೇಳಬಲ್ಲರಂತೆ, ಮೀಟರು ಬೇಡವಂತೆ.

ಆಮೇಲೆ, ಆವತ್ತು ನಾನು ನಿಮಗೆ ಹೇಳದೆ ಇದ್ದದ್ದು ಎಂದು ಶುರುಮಾಡಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

“ಬುಡಿ ಮೇಡಂ,” ಎಂದರು. “ಅದ ಮಾತಾಡೋದ್ ಬ್ಯಾಡ.”

ಕ್ಷಮಿಸಿದ ಮಾತೋ ಅಲ್ಲವೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ರಾಮನಗರ ಬಂತು. ಇಲ್ಲಿಂದ ಮಾಗಡಿ ಬಸ್ಸು ಹಿಡಿಯಬೇಕು, ಬತ್ತೀನಿ ಎಂದು ಎದ್ದರು. ಬಾಗಿಲ ಬಳಿ ಜನ ಒತ್ತಿಕೊಂಡಿದ್ದರು. ಪ್ಲಾಟ್‌ಫಾರಮ್ಮಿನಲ್ಲಿ ನೀಲಿ ಅಂಗಿಯವರು ಬಹಳ ಮಂದಿ ಇದ್ದದ್ದರಿಂದ, ಯಾವುದು ಅವರ ಬೆನ್ನು ಎಂದು ನಾನು ಹುಡುಕುವಷ್ಟರಲ್ಲಿ ರೈಲು ಹೊರಟಿತು.